ಗೋಣ ಉಳುಕ್ಯಾದಂತ ತಿಕ್ಕಿಸಬ್ಯಾಡ್ರಿ

ಯೆಣೆಗೂರ: ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲಿನ ಊರು ಇದು. ಬೈಕಿನಿಂದ ಬಿದ್ದ ಹುಡುಗ ತಾನೇ ಎದ್ದು ನಿಂತರೆ ಮನೆಯವರಿಗೆ ಧೈರ್ಯ. 'ಏನೂ ಆಗಿಲ್ಲ, ಗೋಣ ಉಳುಕ್ಯಾದ, ಎಣ್ಣಿ ತಿಕ್ಕಿದ್ರ ಹೋಗ್ತದ' ಅನ್ನುವವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆದರೆ ಗೋಣಿನ ಮೇಲ್ತುದಿಯ ಎಲುಬು ಮುರಿದವರೂ ಕೆಲವೊಮ್ಮೆ ಹೀಗೇ ಎದ್ದು ಓಡಾಡುತ್ತಾರೆ!

ಕುತ್ತಿಗೆಯ ಏಳು ಮಣಿಗಳಲ್ಲಿ ಮೊದಲನೆಯದು ಉಂಗುರದಂತಿದೆ. ಎರಡನೆಯ ಮಣಿಯಿಂದ ಎದ್ದ ಗೂಟ ಆ ಉಂಗುರದೊಳಗೆ ನಿಂತಿರುತ್ತದೆ. ಬೀಸುಕಲ್ಲು ಗೂಟದ ಸುತ್ತ ತಿರುಗುತ್ತದಲ್ಲ, ಹಾಗೆ. ತಲೆ ಎಡ-ಬಲ ಹೊರಳುವುದರಲ್ಲಿ ಸುಮಾರು ಅರ್ಧ ಈ ಒಂದೇ ಕೀಲಿನ ಕೆಲಸ. ಗೂಟದ ಹಿಂದೆಯೇ ಬೆನ್ನುಹುರಿ. ಗೂಟ ಬುಡದಲ್ಲಿ ಮುರಿದರೆ ತಾನಾಗಿ ಕೂಡುವುದು ಕಷ್ಟ.

ಏಳು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ, ಕುತ್ತಿಗೆ ಅಲುಗದಂತೆ ಪಟ್ಟಿ ಕಟ್ಟಿದರೆ ಕೂಡುತ್ತದೆ. ಪ್ರಾಯದವರಿಗೆ ಗಂಟಲ ಮುಂಭಾಗದಲ್ಲಿ ಸಣ್ಣ ಗಾಯ ಮಾಡಿ, ಎಕ್ಸ್‌ರೇ ಪರದೆ ನೋಡುತ್ತ ಗೂಟದೊಳಗೆ ಕೆಳಗಿನಿಂದ ಸ್ಕ್ರೂ ಏರಿಸುತ್ತಾರೆ. ಆಸ್ಟ್ರಿಯಾದ ಬೋಹ್ಲರ್ 1982ರಲ್ಲಿ ಪ್ರಕಟಿಸಿದ ವಿಧಾನವಿದು. ಎಲುಬು ಕೂಡಿದರೆ ಗೋಣು ಮೊದಲಿನಂತೆ ತಿರುಗುತ್ತದೆ.

ಆದರೆ ಒಂದು ಕರಾರು. ಪೆಟ್ಟು ಹೊಸದಿರಬೇಕು, ಗೂಟವನ್ನು ಹಿಡಿದ ಅಡ್ಡ ಕಟ್ಟು ಹರಿದಿರಬಾರದು. ಎಣ್ಣೆ ತಿಕ್ಕಿಸಿ ತಿಂಗಳುಗಟ್ಟಲೆ ಕಳೆದರೆ ಮುರಿದ ತುದಿ ನುಣುಪಾಗಿ ಸ್ಕ್ರೂ ಉಪಯೋಗಕ್ಕೆ ಬರುವುದಿಲ್ಲ. ಆಗ ಹಿಂಬದಿಯಿಂದ ಎರಡೂ ಮಣಿಗಳನ್ನು ಬೆಸೆಯಬೇಕು. ಇದರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯ ಹೆಸರು ದೊಡ್ಡದು. ಅಲ್ಲಿನ ಡಾ. ಅತುಲ್ ಗೋಯಲ್ ತಂಡ 1994ರಲ್ಲಿ ಪ್ರಕಟಿಸಿದ ಸ್ಕ್ರೂ-ಪಟ್ಟಿ ವಿಧಾನವನ್ನು 2001ರಲ್ಲಿ ಜರ್ಮನಿಯ ಹಾರ್ಮ್ಸ್ ಸ್ವಲ್ಪ ಮಾರ್ಪಡಿಸಿದರು. ಇಂದು ಜಗತ್ತಿನ ವೈದ್ಯರು ಅದನ್ನು ಇಬ್ಬರ ಹೆಸರಿನಲ್ಲೂ ಕರೆಯುತ್ತಾರೆ. ಬೆಸುಗೆ ಗಟ್ಟಿ, ಜೀವಕ್ಕೂ ಭದ್ರ. ಆದರೆ ತಿರುಗುವ ಶಕ್ತಿ ಅರ್ಧ ಹೋಯಿತು. ಇಪ್ಪತ್ತರ ಹುಡುಗ ಟ್ರಾಕ್ಟರ್ ಹಿಂದಕ್ಕೆ ತರಬೇಕಾದರೆ ಮೈಯೆಲ್ಲ ಹೊರಳಿಸಬೇಕು, ಅದೂ ಜೀವಮಾನವಿಡೀ.

ಬಿದ್ದವರ ಗೋಣು ನೋಯುತ್ತಿದ್ದರೆ ಕೂಡಿಸಬಾರದು, ತಲೆ ಎತ್ತಿ ನೀರು ಕುಡಿಸಬಾರದು. ತಲೆಯ ಎರಡೂ ಮಗ್ಗುಲಿಗೆ ಸುತ್ತಿದ ಟಾವೆಲ್ ಇಟ್ಟು 108ಕ್ಕೆ ಫೋನ್ ಮಾಡಬೇಕು. ಆಸ್ಪತ್ರೆಯಲ್ಲಿ ಬಾಯಿ ತೆರೆಸಿ ತೆಗೆಯುವ ಎಕ್ಸ್‌ರೇಯಲ್ಲಿ ಈ ಗೂಟ ಕಾಣುತ್ತದೆ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್ ಮಾಡಿಸಲೇಬೇಕು.