ಜನವಸತಿಗಿಂತ ಮೊದಲೇ ತಲುಪಿದ ಹಳಿ

1863ರ ಜನವರಿ 10ರಂದು ಲಂಡನ್ನಿನ ಪ್ಯಾಡಿಂಗ್ಟನ್ ಮತ್ತು ಫ್ಯಾರಿಂಗ್ಡನ್ ಸ್ಟ್ರೀಟ್‌ಗಳ ನಡುವೆ ಸಂಚಾರ ಆರಂಭಿಸಿದ ಮೆಟ್ರೊಪಾಲಿಟನ್ ರೈಲ್ವೆ, ನೆಲದಡಿಯಲ್ಲಿ ಪ್ರಯಾಣಿಕರನ್ನು ಸಾಗಿಸಿದ ಜಗತ್ತಿನ ಮೊದಲ ರೈಲುಮಾರ್ಗ. ರಸ್ತೆಯನ್ನು ಅಗೆದು, ಕಂದಕದಲ್ಲಿ ಹಳಿ ಹಾಸಿ, ಮೇಲೆ ಇಟ್ಟಿಗೆಯ ಕಮಾನು ಕಟ್ಟಿ ಮತ್ತೆ ಮುಚ್ಚುವ ವಿಧಾನದಲ್ಲಿ ನಿರ್ಮಾಣವಾದ ಈ ಮಾರ್ಗದ ಉದ್ದೇಶ ನಗರದೊಳಗಿನ ದಟ್ಟಣೆಯನ್ನು ತಗ್ಗಿಸುವುದಷ್ಟೇ ಆಗಿತ್ತು. ಅದು ಊರಾಚೆಯ ಹುಲ್ಲುಗಾವಲುಗಳನ್ನು ಬಡಾವಣೆಗಳಾಗಿಸಿದ್ದಕ್ಕೆ ಮೂಲ ಕಾರಣ ನಗರ ಯೋಜನೆಯಲ್ಲ, ಈಡೇರದೆ ಹೋದ ಒಂದು ಮಹತ್ವಾಕಾಂಕ್ಷೆ.

1868ರಲ್ಲಿ ಬೇಕರ್ ಸ್ಟ್ರೀಟ್‌ನಿಂದ ಸ್ವಿಸ್ ಕಾಟೇಜ್‌ವರೆಗೆ ಒಂದು ಸಣ್ಣ ಕವಲು ತೆರೆದಿತ್ತು. 1872ರಲ್ಲಿ ಕಂಪನಿಯ ಅಧ್ಯಕ್ಷನಾದ ಎಡ್ವರ್ಡ್ ವಾಟ್ಕಿನ್ ಉತ್ತರ ಇಂಗ್ಲೆಂಡಿನ ಒಂದು ರೈಲ್ವೆಗೂ ಆಗ್ನೇಯ ಕರಾವಳಿಯ ಇನ್ನೊಂದು ರೈಲ್ವೆಗೂ ಮುಖ್ಯಸ್ಥನಾಗಿದ್ದುದರಿಂದ, ಈ ಮೂರನ್ನೂ ಜೋಡಿಸಿ, ಸಮುದ್ರದಡಿ ಸುರಂಗ ಕೊರೆದು, ಮ್ಯಾಂಚೆಸ್ಟರ್‌ನಿಂದ ಪ್ಯಾರಿಸ್‌ವರೆಗೆ ರೈಲು ಓಡಿಸುವ ಹಂಬಲದಲ್ಲಿ ಆ ಕವಲನ್ನೇ ವಾಯವ್ಯಕ್ಕೆ ಎಳೆಯತೊಡಗಿದ. ಹಳಿ 1880ರಲ್ಲಿ ಹ್ಯಾರೊ, 1885ರಲ್ಲಿ ಪಿನ್ನರ್, 1887ರಲ್ಲಿ ರಿಕ್‌ಮನ್ಸ್‌ವರ್ತ್, 1892ರಲ್ಲಿ ಏಲ್ಸ್‌ಬರಿ ಮುಟ್ಟಿತು. ಅದರಾಚೆಯ ಸಣ್ಣ ಕಂಪನಿಯೊಂದನ್ನು ಕೊಂಡದ್ದರಿಂದ ಲಂಡನ್ನಿನಿಂದ ಸುಮಾರು 80 ಕಿಲೋಮೀಟರ್ ದೂರದ ವರ್ನಿ ಜಂಕ್ಷನ್ ಕೂಡ ಮೆಟ್ರೊಪಾಲಿಟನ್ನಿನ ನಿಲ್ದಾಣವಾಯಿತು. ಹೆಸರಿಡಲು ಹತ್ತಿರದಲ್ಲೊಂದು ಊರೂ ಇಲ್ಲದ ಆ ಹೊಲಗಳ ನಡುವಿನ ನಿಲ್ದಾಣಕ್ಕೆ ಅಲ್ಲಿನ ಜಮೀನುದಾರನ ಹೆಸರನ್ನೇ ಇಡಲಾಗಿತ್ತು. ಕಡಲಡಿಯ ಸುರಂಗವನ್ನು ಬ್ರಿಟಿಷ್ ಸರ್ಕಾರ ರಕ್ಷಣೆಯ ಭಯದಿಂದ ತಡೆಯಿತು, ಅನಾರೋಗ್ಯದಿಂದ ವಾಟ್ಕಿನ್ 1894ರಲ್ಲಿ ಹುದ್ದೆ ತೊರೆದ. ಕಂಪನಿಯ ಕೈಯಲ್ಲಿ ಉಳಿದದ್ದು ಪ್ರಯಾಣಿಕರು ವಿರಳವಾದ ಉದ್ದನೆಯ ಮಾರ್ಗ ಮತ್ತು ಅದರ ಅಕ್ಕಪಕ್ಕದ ಭೂಮಿ.

ಈ ಭೂಮಿಯ ವಿಷಯದಲ್ಲೇ ಇಡೀ ಕಥೆಯ ಕೀಲು ಇರುವುದು. ಹಳಿ ಹಾಸಲು ಪಡೆದ ನೆಲದಲ್ಲಿ ಮಿಕ್ಕಿದ್ದನ್ನು ನಿಗದಿತ ಅವಧಿಯೊಳಗೆ ಮಾರಿಬಿಡಬೇಕೆಂಬ ಕಟ್ಟಳೆ ಬ್ರಿಟನ್ನಿನ ರೈಲ್ವೆ ಕಂಪನಿಗಳಿಗೆ ಸಾಮಾನ್ಯವಾಗಿ ಅನ್ವಯಿಸುತ್ತಿದ್ದರೂ, ಮೆಟ್ರೊಪಾಲಿಟನ್ ಸಂಸತ್ತಿನಿಂದ ವಿಶೇಷ ಅಧಿಕಾರ ಪಡೆದು ಆ ನೆಲವನ್ನು ತನ್ನಲ್ಲೇ ಉಳಿಸಿಕೊಂಡು ಅಭಿವೃದ್ಧಿಪಡಿಸಬಹುದಾಗಿತ್ತು. ರೈಲು ಬಂದೊಡನೆ ಏರುವ ನೆಲದ ಬೆಲೆ ಬೇರೆಡೆ ದಲ್ಲಾಳಿಗಳ ಪಾಲಾಗುತ್ತಿದ್ದರೆ, ಇಲ್ಲಿ ಅದರ ಒಂದು ಭಾಗವಾದರೂ ರೈಲು ತಂದವರಿಗೇ ಸಿಗುವಂತಿತ್ತು. ಇದರ ಬೆಲೆಯನ್ನು ಚೆನ್ನಾಗಿ ಅರಿತವನು 1908ರಲ್ಲಿ ಮಹಾವ್ಯವಸ್ಥಾಪಕನಾದ ರಾಬರ್ಟ್ ಸೆಲ್ಬಿ. 1905ರಲ್ಲೇ ಆರಂಭವಾಗಿದ್ದ ವಿದ್ಯುತ್ ರೈಲುಗಳಿಂದ ಹತ್ತಿರದ ಉಪನಗರಗಳ ಪ್ರಯಾಣ ಹೊಗೆಯಿಂದ ಪಾರಾಗಿತ್ತು. ಇನ್ನು ಬೇಕಾಗಿದ್ದುದು ಪ್ರಯಾಣಿಕರು. 1915ರಲ್ಲಿ ಕಂಪನಿಯ ಪ್ರಚಾರ ವಿಭಾಗ ಈ ಸೀಮೆಗೆ ‘ಮೆಟ್ರೊ-ಲ್ಯಾಂಡ್’ ಎಂದು ಹೆಸರಿಟ್ಟು, ಅದೇ ಹೆಸರಿನ ಕೈಪಿಡಿಯನ್ನು 1932ರವರೆಗೆ ಪ್ರಕಟಿಸಿತು. ಹೂದೋಟ, ಬೀಚ್ ಮರಗಳ ಕಾಡು, ಕಾಲುದಾರಿಗಳ ಬಣ್ಣನೆಯ ಜೊತೆಗೇ ಮಾರಾಟಕ್ಕಿರುವ ಮನೆಗಳ ಜಾಹೀರಾತುಗಳು ಅದರಲ್ಲಿರುತ್ತಿದ್ದವು. ಮಾರಾಟವಾದ ಪ್ರತಿ ಮನೆಯೂ ಆ ಬಣ್ಣನೆಯನ್ನು ಒಂದಿಷ್ಟು ಸುಳ್ಳಾಗಿಸುತ್ತಿತ್ತೆಂಬುದು ಬೇರೆ ಮಾತು.

1919ರಲ್ಲಿ ಮೆಟ್ರೊಪಾಲಿಟನ್ ರೈಲ್ವೆ ಕಂಟ್ರಿ ಎಸ್ಟೇಟ್ಸ್ ಎಂಬ ಪ್ರತ್ಯೇಕ ಕಂಪನಿ ಹುಟ್ಟಿ, ವೆಂಬ್ಲಿ ಪಾರ್ಕ್, ಪಿನ್ನರ್, ರಿಕ್‌ಮನ್ಸ್‌ವರ್ತ್ ಸುತ್ತಲಿನ ನೆಲದಲ್ಲಿ ಬಡಾವಣೆಗಳೆದ್ದವು. ನಡುವೆ ಒಂದೇ ಗೋಡೆ ಹಂಚಿಕೊಂಡ ಜೋಡಿಮನೆ, ಹಿಂದೆ ತೋಟ, ನಡೆದುಹೋಗುವಷ್ಟು ದೂರದಲ್ಲಿ ನಿಲ್ದಾಣ ಇವು ಗುಮಾಸ್ತರ, ಮಧ್ಯಮ ವರ್ಗದವರ ಆಸೆಯಾದವು. ಹಳಿಯೂ 1925ರಲ್ಲಿ ವಾಟ್‌ಫರ್ಡ್‌ಗೆ, 1932ರಲ್ಲಿ ಸ್ಟ್ಯಾನ್‌ಮೋರ್‌ಗೆ ಚಾಚಿತು.

1933ರ ಜುಲೈ 1ರಂದು ಲಂಡನ್ನಿನ ಸುರಂಗ ರೈಲು, ಟ್ರಾಮು, ಬಸ್ಸುಗಳು ಒಂದೇ ಸಾರ್ವಜನಿಕ ಮಂಡಳಿಯ ಆಡಳಿತಕ್ಕೆ ಬಂದಾಗ ಮೆಟ್ರೊಪಾಲಿಟನ್ ತನ್ನ ಪ್ರತಿಭಟನೆಯ ನಡುವೆಯೂ ಅದರಲ್ಲಿ ಸೇರಬೇಕಾಯಿತು. ಪ್ರಯಾಣಿಕರಿಲ್ಲದ ದೂರದ ತುದಿ ಮಂಡಳಿಗೆ ಹೊರೆಯೇ ಆಗಿ, ವರ್ನಿ ಜಂಕ್ಷನ್ನಿಗೆ ಹೋಗುತ್ತಿದ್ದ ಪ್ರಯಾಣಿಕರ ರೈಲು 1936ರಲ್ಲಿ ನಿಂತಿತು. 1961ರ ವೇಳೆಗೆ ವಿದ್ಯುತ್ ಮಾರ್ಗ ಆಮರ್ಷಮ್‌ವರೆಗೆ ಬಂದು ಅಲ್ಲೇ ಕೊನೆಗೊಂಡು, ಅದರಾಚೆಯ ಏಲ್ಸ್‌ಬರಿ ಬ್ರಿಟಿಷ್ ರೈಲ್ವೇಸ್‌ನ ಪಾಲಾಯಿತು. ಮನೆ ಕಟ್ಟಿ ಮಾರುವ ಕಂಪನಿ ಮಾತ್ರ 1933ರ ವಿಲೀನಕ್ಕೆ ಸೇರದೆ ಖಾಸಗಿಯಾಗಿಯೇ ಉಳಿಯಿತು; ನೆಲದ ಬೆಲೆಯನ್ನೂ ರೈಲಿನ ಖರ್ಚನ್ನೂ ಹೆಣೆದಿದ್ದ ಏರ್ಪಾಡು ಹೀಗೆ ಬಿಚ್ಚಿಹೋಗಿ, ಲಾಭದ ಬಾಬತ್ತು ಒಂದು ಕಡೆಗೂ ಹಳಿಯ ನಿರ್ವಹಣೆ ಇನ್ನೊಂದು ಕಡೆಗೂ ಹೋದವು.