ಲೋಕಲ್‌ಟಾಕ್ ತಂತಿಯೂ ಅಂತರಜಾಲವೂ

ಅಮೆರಿಕದ ಆಪಲ್ ಸಂಸ್ಥೆಯು ತನ್ನ ಮ್ಯಾಕಿಂಟಾಷ್ ಗಣಕಯಂತ್ರಗಳನ್ನು ಒಂದರೊಡನೊಂದು ಕೂಡಿಸುವುದಕ್ಕಾಗಿ 1985ರಲ್ಲಿ ಆಪಲ್‌ಟಾಕ್ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಅದರ ತಂತಿಯ ಭಾಗಕ್ಕೆ ಮುಂದೆ ಲೋಕಲ್‌ಟಾಕ್ ಎಂಬ ಹೆಸರು ಬಂದಿತು. ಯಂತ್ರದ ಸೀರಿಯಲ್ ದ್ವಾರಕ್ಕೆ ತಗುಲಿಸತಕ್ಕ ಈ ತಂತಿಯಲ್ಲಿ ಸೆಕೆಂಡಿಗೆ 2,30,400 ಬಿಟ್‌ಗಳು ಹರಿಯುವುವು. 300 ಮೀಟರುಗಳ ಉದ್ದದೊಳಗೆ 32 ಯಂತ್ರಗಳನ್ನು ಸೇರಿಸಬಹುದೆಂಬುದು ಅದರ ಮಿತಿ. 2009ರಲ್ಲಿ ಹೊರಬಂದ ಮ್ಯಾಕ್ ಓಎಸ್ ಎಕ್ಸ್ 10.6ರಿಂದ ಆಪಲ್‌ಟಾಕನ್ನು ಕೈಬಿಡಲಾಯಿತು. ಆದರೂ ಹಳೆಯ ಯಂತ್ರಗಳನ್ನು ಕಾಪಾಡುವ ಹವ್ಯಾಸಿಗಳು, ದೂರದೂರದ ಊರುಗಳಲ್ಲಿರುವ ಅವುಗಳನ್ನು ಅಂತರಜಾಲದ ಮೂಲಕ ಒಂದೇ ತಂತಿಯಲ್ಲಿರುವಂತೆ ಕೂಡಿಸುತ್ತಿರುವರು.

ಇದರ ಉಪಾಯವು ಮೇಲುನೋಟಕ್ಕೆ ಸುಲಭವಾದುದು. ಹಳೆಯ ಜಾಲದ ಸಂದೇಶವನ್ನು ಹಾಗೆಯೇ ಹೊಸ ಜಾಲದ ಲಕೋಟೆಯಲ್ಲಿಟ್ಟು ಕಳುಹಿಸುವುದು. ಆಚೆಯ ಕೊನೆಯಲ್ಲಿ ಲಕೋಟೆಯನ್ನೊಡೆದು ಅಲ್ಲಿನ ತಂತಿಗೆ ಬಿಡುವುದು. ಇದಕ್ಕೆ ಸುರಂಗವೆಂದು ಹೆಸರು. ಆದರೆ ಸಂದೇಶವನ್ನು ಹೀಗೆ ಸಾಗಿಸಬಹುದೇ ಹೊರತು ಅದರ ಕಾಲನಿಯಮವನ್ನು ಸಾಗಿಸಲಾಗದು. ತೊಡಕೆಲ್ಲವೂ ಇಲ್ಲಿಯೇ ಇರುವುದು.

ಹೇಗೆಂದರೆ, ಲೋಕಲ್‌ಟಾಕಿನಲ್ಲಿ ಒಂದು ಯಂತ್ರವು ಮತ್ತೊಂದಕ್ಕೆ ಸಂದೇಶವನ್ನು ಕಳುಹಿಸುವ ಮುನ್ನ ‘ಕಳುಹಿಸಬಹುದೇ’ ಎಂದು ಕೇಳಬೇಕು. ‘ಕಳುಹಿಸು’ ಎಂಬ ಅನುಮತಿಯು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 200 ಭಾಗಗಳೊಳಗೆ ಬರಬೇಕು. ಬಾರದಿದ್ದರೆ ಡಿಕ್ಕಿಯಾಯಿತೆಂದು ಬಗೆದು ಅದು ಮತ್ತೆ ಯತ್ನಿಸುವುದು. ಗಾಜಿನ ಎಳೆಯಲ್ಲಿ ಬೆಳಕು ಅಷ್ಟು ಕಾಲದಲ್ಲಿ ಸುಮಾರು 40 ಕಿಲೋಮೀಟರು ಮಾತ್ರ ಸಾಗಬಲ್ಲುದು. ಹೋಗಿಬರುವ ದಾರಿಯನ್ನೆಣಿಸಿದರೆ 20 ಕಿಲೋಮೀಟರು. ಆದುದರಿಂದ ಮಧ್ಯದ ಯಂತ್ರಗಳು ಎಷ್ಟೇ ಚುರುಕಾಗಿದ್ದರೂ ದೂರದೇಶದಿಂದ ಅನುಮತಿಯು ಸಕಾಲಕ್ಕೆ ಬರುವುದು ಅಸಾಧ್ಯ.

ಇದಕ್ಕೆ ಪರಿಹಾರವೆಂದರೆ ಪ್ರತಿನಿಧಿಯನ್ನು ನೇಮಿಸುವುದು. ತಂತಿಯ ಮೇಲೆಯೇ ಕುಳಿತ ಒಂದು ಸಣ್ಣ ಸಾಧನವು, ದೂರದ ಯಂತ್ರದ ಪರವಾಗಿ ತಾನೇ ಅನುಮತಿಯನ್ನಿತ್ತು, ಸಂದೇಶವನ್ನು ಮಾತ್ರ ಲಕೋಟೆಗೆ ಹಾಕುವುದು. ಆಚೆಯ ಸಾಧನವು ತನ್ನ ತಂತಿಯಲ್ಲಿ ಹೊಸದಾಗಿ ಅನುಮತಿಯನ್ನು ಕೇಳುವುದು.

ಹೀಗಾದಾಗ ‘ಕಳುಹಿಸು’ ಎಂಬ ಮಾತು ಅರ್ಧಸತ್ಯವಾಗುವುದು: ದೂರದ ಯಂತ್ರವು ಆರಿಹೋಗಿದ್ದರೂ ಅನುಮತಿಯು ದೊರೆಯಬಹುದು. ಇದರಿಂದ ಹಾನಿಯಾಗದಿರುವುದಕ್ಕೆ ಮೂಲರಚನೆಯ ವಿವೇಕವೇ ಕಾರಣ. ಲೋಕಲ್‌ಟಾಕ್ ಸಂದೇಶವು ತಲುಪಿಯೇ ತಲುಪುವುದೆಂದು ಅದು ಎಂದೂ ಭರವಸೆ ಕೊಟ್ಟಿರಲಿಲ್ಲ. ಉತ್ತರ ಬಾರದಿದ್ದರೆ ಮತ್ತೆ ಕೇಳುವ ಹೊಣೆಯನ್ನು ಮೇಲಿನ ಸ್ತರಕ್ಕೆ ಬಿಟ್ಟಿತ್ತು. ಆ ಸ್ತರದ ಕಾಯುವಿಕೆಯನ್ನು ಸೆಕೆಂಡುಗಳಲ್ಲಿ ಎಣಿಸುವುದುಂಟಾದ್ದರಿಂದ ಅಂತರಜಾಲದ ವಿಳಂಬವನ್ನು ಅದು ಸಹಿಸಬಲ್ಲುದು.

ಸಹಿಸಲಾರದ ಕೊರತೆ ಒಂದುಂಟು. ಒಂದೇ ಕಚೇರಿಯ ಗೋಡೆಗಳೊಳಗೆ ಹುಟ್ಟಿದ ಈ ತಂತಿಯ ಮಾತಿಗೆ ಗುಪ್ತಲಿಪಿಯ ಮುಸುಕಿಲ್ಲ. ದಾರಿಯಲ್ಲಿ ಯಾರಾದರೂ ಓದಬಹುದು. ಆದಕಾರಣ ಸುರಂಗವನ್ನು ಗುಪ್ತಲಿಪಿಯ ಕವಚದೊಳಗೆ ಇಡುವುದು ಅವಶ್ಯಕ.

ಈ ಏರ್ಪಾಡಿನಲ್ಲಿ ಹಳೆಯ ಯಂತ್ರದ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ನೆರೆಯವರೊಡನೆ ಮಾತನಾಡಲೆಂದು ರಚಿತವಾದ ಯಂತ್ರವನ್ನು ಒಂಟಿಯಾಗಿ ಕಪಾಟಿನಲ್ಲಿಟ್ಟರೆ ಉಳಿಯುವುದು ಅದರ ಒಡಲು ಮಾತ್ರ. ನಡೆಯನ್ನೂ ಉಳಿಸಬೇಕಾದರೆ ಅದಕ್ಕೆ ನೆರೆಯನ್ನು ಒದಗಿಸಬೇಕು.