ಭೂಮಿ ತಿರುಗೋದನ್ನ ಚರ್ಚ್ ಒಳಗೆ ನೋಡಿದೆ

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಪ್ರಶ್ನೆ. ಭೂಮಿ ತಿರುಗುತ್ತೆ ಅಂತ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೀವಿ. ಆದ್ರೆ ಆಕಾಶ ನೋಡದೆ, ನಾಲ್ಕು ಗೋಡೆ ಮಧ್ಯೆ ನಿಂತು ಅದನ್ನ ಸಾಬೀತು ಮಾಡೋಕಾಗುತ್ತಾ?

ಆಗುತ್ತೆ. ನಾನದನ್ನ ನೋಡಿದ್ದು ಜರ್ಮನಿಯ ಮ್ಯೂನ್‌ಸ್ಟರ್ ನಗರದ ಡೊಮಿನಿಕನ್ ಚರ್ಚ್‌ನಲ್ಲಿ. 18ನೇ ಶತಮಾನದ ಕಟ್ಟಡ. ಹಳೇ ಶಿಲ್ಪ, ಬಲಿಪೀಠ ನೋಡೋಣ ಅಂತ ಒಳಗೆ ಹೋದ್ರೆ, ಮೇಲಿಂದ ಸುಮಾರು 29 ಮೀಟರ್ ಉದ್ದದ ತಂತಿ ಇಳಿಬಿದ್ದಿದೆ. ತುದಿಯಲ್ಲಿ 48 ಕಿಲೋ ತೂಕದ ಲೋಹದ ಗುಂಡು ನಿಧಾನಕ್ಕೆ ತೂಗಾಡ್ತಿದೆ. ಒಂದು ಸಲ ಹೋಗಿ ಬರೋಕೆ ಹತ್ತಿರ ಹತ್ತಿರ 11 ಸೆಕೆಂಡ್. ಜೊತೆಗೆ ಎತ್ತರದ ಬೂದು ಕನ್ನಡಿಗಳು. ಕಲಾವಿದ ಗೆರ್ಹಾರ್ಡ್ ರಿಕ್ಟರ್ ಅವರ ಈ ಕೃತಿ 2018ರಿಂದ ಇಲ್ಲಿದೆ.

ಇದರ ಗುಟ್ಟು ಸರಳ. ತೂಗುವ ಗುಂಡು ತಾನಾಗಿ ದಿಕ್ಕು ಬದಲಿಸಲ್ಲ. ಉತ್ತರ ಧ್ರುವದಲ್ಲಿ ಇಂಥದ್ದೊಂದು ನೇತುಹಾಕಿದೀವಿ ಅಂದ್ಕೊಳ್ಳಿ. ಗುಂಡು ಒಂದೇ ಗೆರೆಯಲ್ಲಿ ತೂಗ್ತಿರುತ್ತೆ, ಕೆಳಗಿನ ನೆಲ ಗಂಟೆಗೆ 15 ಡಿಗ್ರಿ ತಿರುಗುತ್ತೆ. ನೆಲದ ಮೇಲೆ ನಿಂತಿರೋ ನಮಗೆ ಗುಂಡೇ ದಿಕ್ಕು ಬದಲಿಸಿದಂತೆ ಕಾಣುತ್ತೆ. ಸಮಭಾಜಕ ವೃತ್ತದ ಹತ್ತಿರ ಹೋದಷ್ಟೂ ಈ ವೇಗ ಕಡಿಮೆಯಾಗುತ್ತೆ, ಅಲ್ಲಿ ಪೂರ್ತಿ ಸೊನ್ನೆ. ಮ್ಯೂನ್‌ಸ್ಟರ್‌ನಲ್ಲಿ ಗಂಟೆಗೆ ಸುಮಾರು 12 ಡಿಗ್ರಿ, ಅಂದ್ರೆ ಒಂದು ಸುತ್ತಿಗೆ 30 ಗಂಟೆ ಚಿಲ್ಲರೆ. ನಮ್ಮ ಬೆಂಗಳೂರಲ್ಲಾದ್ರೆ ನಾಲ್ಕೂವರೆ ದಿನ ಬೇಕು!

ಈ ಪ್ರಯೋಗವನ್ನ 1851ರಲ್ಲಿ ಜನರ ಮುಂದಿಟ್ಟಿದ್ದು ಫ್ರಾನ್ಸಿನ ಲಿಯಾನ್ ಫೂಕೋ. ಪ್ಯಾರಿಸ್‌ನ ಪ್ಯಾಂಥಿಯಾನ್‌ನಲ್ಲಿ, 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ. ಅದೂ ಚರ್ಚ್ ಅಂತಲೇ ಕಟ್ಟಿದ ಕಟ್ಟಡ. ಎತ್ತರದ ಚಾವಣಿ ಇರೋದು ಇಂಥ ಕಡೆನೇ ತಾನೆ? ತಂತಿ ಉದ್ದ, ಗುಂಡು ಭಾರ ಇದ್ದಷ್ಟೂ ತೂಗಾಟ ಹೆಚ್ಚು ಹೊತ್ತು ಉಳಿಯುತ್ತೆ.

ನನ್ನನ್ನ ಕಾಡಿದ್ದು ಇನ್ನೊಂದು ವಿಷಯ. 1633ರಲ್ಲಿ ಗೆಲಿಲಿಯೋನನ್ನ ಮಂಡಿಯೂರಿಸಿ, ಭೂಮಿ ಚಲಿಸುತ್ತೆ ಅನ್ನೋ ಮಾತನ್ನ ವಾಪಸ್ ತಗೊಳ್ಳೋ ಹಾಗೆ ಮಾಡಿದ್ದು ರೋಮ್‌ನ ಒಂದು ಡೊಮಿನಿಕನ್ ಮಠದಲ್ಲಿ. ಇವತ್ತು ಅದೇ ಪಂಗಡ ಕಟ್ಟಿಸಿದ ಚರ್ಚ್‌ನಲ್ಲಿ ಭೂಮಿ ತಿರುಗೋದನ್ನ ಯಾರು ಬೇಕಾದ್ರೂ ಬಂದು ನೋಡಬಹುದು. ಯಾರ ಮಾತನ್ನೂ ನಂಬಬೇಕಿಲ್ಲ, ಸ್ವಲ್ಪ ಹೊತ್ತು ಕಾದ್ರೆ ಸಾಕು. ‘ಭೂಮಿ ಚಪ್ಪಟೆ, ನಿಂತಲ್ಲೇ ನಿಂತಿದೆ’ ಅನ್ನೋ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಬಂದ್ರೆ, ಜಗಳ ಆಡೋ ಬದಲು ಈ ಗುಂಡಿನ ಕಥೆ ಹೇಳಿ.

ಅಂದಹಾಗೆ, ದೆಹಲಿಯ ಹೊಸ ಸಂಸತ್ ಭವನದಲ್ಲೂ ಇಂಥದ್ದೊಂದು ಇದೆ. ಅಲ್ಲಿ ಒಂದು ಸುತ್ತಿಗೆ ಸುಮಾರು 50 ಗಂಟೆ. ಯಾಕೆ ಅಂತ ಈಗ ನಿಮಗೇ ಗೊತ್ತು. ಮುಂದಿನ ವಾರ ಸಿಗೋಣ.